ಎಂಜಿನ್ನಿನ ಬಾಯಿಗೆ ಜಾಲರಿ ಏಕಿಲ್ಲ?

ಪ್ರಶ್ನೆ: ಹಕ್ಕಿ ಬಡಿದು ವಿಮಾನದ ಎಂಜಿನ್ ಕೆಟ್ಟರೆ ಪೈಲಟ್‌ಗಳು ಏನು ಮಾಡುತ್ತಾರೆ? ಎಂಜಿನ್ನಿನ ಮುಂದೆ ಒಂದು ಗಟ್ಟಿ ಜಾಲರಿ ಹಾಕಿಬಿಟ್ಟರೆ ಈ ತಾಪತ್ರಯವೇ ಇರುವುದಿಲ್ಲವಲ್ಲವೇ?

ಉತ್ತರ: ಪ್ರಶ್ನೆಯ ಮೊದಲ ಭಾಗ ಸೊಗಸಾಗಿದೆ. ಎರಡನೆಯ ಭಾಗಕ್ಕೆ ಎಷ್ಟು ಸಲ ಉತ್ತರ ಬರೆದರೂ ಅದು ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಎಲ್ಲಾದರೂ ಹಕ್ಕಿ ಬಡಿದ ಸುದ್ದಿ ಬಂದ ಮರುದಿನವಂತೂ ತಪ್ಪುವುದೇ ಇಲ್ಲ. ಇಷ್ಟು ಸುಲಭದ ಉಪಾಯ ವಿಮಾನ ಕಟ್ಟುವವರಿಗೆ ಇನ್ನೂ ಹೊಳೆದಿಲ್ಲ ಎಂದು ಜನ ನಂಬುವುದಾದರೂ ಹೇಗೆ ಎಂಬುದು ನನಗೆ ಅರ್ಥವಾಗದ ಸಂಗತಿ. ಆದ್ದರಿಂದ ಜಾಲರಿಯ ವಿಚಾರವನ್ನೇ ಮೊದಲು ಮುಗಿಸಿಬಿಡುತ್ತೇನೆ.

ಗಂಟೆಗೆ ಸುಮಾರು 460 ಕಿ.ಮೀ. ವೇಗದಲ್ಲಿರುವ ವಿಮಾನಕ್ಕೆ 1.8 ಕೆ.ಜಿ. ತೂಗುವ ಹಕ್ಕಿಯೊಂದು ಎದುರಾಯಿತು ಎಂದಿಟ್ಟುಕೊಳ್ಳಿ. 150 ಕೆ.ಜಿ. ಭಾರದ ವಸ್ತು 10 ಮೀಟರ್ ಎತ್ತರದಿಂದ ಬಿದ್ದಾಗ ನೆಲಕ್ಕೆ ಎಷ್ಟು ಪೆಟ್ಟು ಬೀಳುತ್ತದೆಯೋ ಸರಿಸುಮಾರು ಅಷ್ಟೇ ಶಕ್ತಿ ಆ ಡಿಕ್ಕಿಯಲ್ಲಿದೆ. ಅದನ್ನು ತಡೆಯಲು ತೆಳುವಾದ ತಂತಿ ಸಾಲದು, ದಪ್ಪ ಸರಳುಗಳೇ ಬೇಕು. ದಪ್ಪ ಸರಳು ಎಂದರೆ ತೂಕ, ತೂಕಕ್ಕಿಂತ ಹೆಚ್ಚಾಗಿ ಗಾಳಿಗೆ ಅಡ್ಡಿ. ದೊಡ್ಡ ಜೆಟ್ ಎಂಜಿನ್ ಟೇಕಾಫ್ ಹೊತ್ತಿನಲ್ಲಿ ಸೆಕೆಂಡಿಗೆ ಒಂದು ಟನ್ನಿಗೂ ಮಿಗಿಲಾದ ಗಾಳಿಯನ್ನು ಎಳೆದುಕೊಳ್ಳುತ್ತದೆ; ಆ ಗಾಳಿ ಕದಡದೆ, ಒಂದೇ ಸಮನಾಗಿ ಫ್ಯಾನಿನ ಅಲಗುಗಳಿಗೆ ಸಿಗಬೇಕು. ಎಂದೋ ಒಮ್ಮೆ ಬರುವ ಹಕ್ಕಿಗಾಗಿ ಪ್ರತಿ ಹಾರಾಟದ ಪ್ರತಿ ನಿಮಿಷವೂ ಎಂಜಿನ್ನಿನ ಉಸಿರು ಕಟ್ಟಿಸಿದಂತೆ ಆಗುತ್ತದೆ. ಸಾಲದ್ದಕ್ಕೆ, ತಣ್ಣನೆಯ ಮೋಡದೊಳಗೆ ಹೊಕ್ಕಾಗ ಸರಳುಗಳ ಮೇಲೆ ಮಂಜುಗಡ್ಡೆ ಕಟ್ಟುತ್ತದೆ, ಅದು ಕಳಚಿಕೊಂಡರೆ ಹೋಗುವುದು ನೇರವಾಗಿ ಒಳಕ್ಕೇ.

ಇದನ್ನೆಲ್ಲ ಸಹಿಸಿಕೊಂಡು ಜಾಲರಿ ಹಾಕಿದೆವು ಎನ್ನೋಣ. ಜಾಲರಿ ಗಟ್ಟಿಯಾಗಿ ನಿಂತರೆ ಹಕ್ಕಿ ಅದರ ಮೇಲೆ ಅಪ್ಪಚ್ಚಿಯಾಗಿ ಅಂಟಿಕೊಂಡು ಗಾಳಿಯ ದಾರಿಯನ್ನು ಮುಚ್ಚುತ್ತದೆ. ಮುರಿದರೆ ಹಕ್ಕಿಯ ಹಿಂದೆಯೇ ಲೋಹದ ತುಂಡುಗಳೂ ಒಳಗೆ ಹೋಗುತ್ತವೆ. ಮಾಂಸ, ಮೂಳೆಗಳನ್ನು ಎಂಜಿನ್ ಒಂದು ಮಿತಿಯವರೆಗೆ ತಾಳಿಕೊಂಡೀತು. ಮುರಿದ ಸರಳನ್ನು ತಾಳುವುದಿಲ್ಲ. ‘ಸುಖೋಯ್-27 ಯುದ್ಧವಿಮಾನದಲ್ಲಿ ಜಾಲರಿ ಇದೆಯಲ್ಲ’ ಎಂದು ವಾದಿಸುವವರೂ ಇದ್ದಾರೆ. ಇದೆ, ನಿಜ. ಆದರೆ ಅದು ರನ್‌ವೇಯಿಂದ ಚಿಮ್ಮುವ ಕಲ್ಲುಚೂರುಗಳನ್ನು ತಡೆಯುವುದಕ್ಕೆ. ವಿಮಾನ ಮೇಲೇರಿದ ಮೇಲೆ ಅದು ಮಡಚಿಕೊಳ್ಳುತ್ತದೆ.

ಜಾಲರಿಯ ಬದಲಿಗೆ ಎಂಜಿನ್ನನ್ನೇ ಹಕ್ಕಿಯ ಪೆಟ್ಟು ತಿನ್ನುವಂತೆ ಕಟ್ಟಿರುತ್ತಾರೆ. ಫ್ಯಾನಿಗೆ ಸಿಕ್ಕ ಹಕ್ಕಿಯ ಹೆಚ್ಚಿನ ಭಾಗ ಹೊರ ಅಂಚಿನತ್ತ ಎಸೆಯಲ್ಪಟ್ಟು, ಇಂಧನ ಉರಿಯುವ ನಡುವಿನ ಕೋರ್ ಭಾಗವನ್ನು ಮುಟ್ಟದೆ, ಅದರ ಸುತ್ತಲಿನ ಬೈಪಾಸ್ ದಾರಿಯಿಂದ ಹಿಂದಕ್ಕೆ ಹೋಗಿಬಿಡುತ್ತದೆ. ಪ್ರಮಾಣಪತ್ರ ಪಡೆಯುವ ಮೊದಲು ಎಂಜಿನ್ನನ್ನು ಓಡಿಸಿ, ಅದರೊಳಕ್ಕೆ ಸತ್ತ ಹಕ್ಕಿಗಳನ್ನು ತೋಪಿನಂಥ ಯಂತ್ರದಿಂದ ಹಾರಿಸುವ ಪರೀಕ್ಷೆಯೂ ಇದೆ. ಗುಂಪಾಗಿ ಹಾರುವ ಮಧ್ಯಮ ಗಾತ್ರದ ಹಕ್ಕಿಗಳು ಹೊಕ್ಕರೆ ಎಂಜಿನ್ ಮುಕ್ಕಾಲು ಪಾಲು ಬಲವನ್ನಾದರೂ ಉಳಿಸಿಕೊಂಡು 20 ನಿಮಿಷ ಓಡಬೇಕು. ಒಂದೇ ದೊಡ್ಡ ಹಕ್ಕಿ ಹೊಕ್ಕರೆ ಎಂಜಿನ್ ನಿಂತುಹೋಗಬಹುದು, ಆದರೆ ಸಿಡಿದು ವಿಮಾನಕ್ಕೆ ಅಪಾಯ ತರಬಾರದು.

ಇನ್ನು ಪೈಲಟ್‌ಗಳ ಕೆಲಸ. ಬಡಿದಾಗ ಢಮಾರ್ ಎಂಬ ಸದ್ದು, ನಡುಕ, ಸುಟ್ಟ ಮಾಂಸದ ವಾಸನೆ, ಕೆಲವೊಮ್ಮೆ ಹಿಂದಿನಿಂದ ಬೆಂಕಿಯ ನಾಲಗೆ, ಎಲ್ಲವೂ ಒಟ್ಟಿಗೆ ಬರುತ್ತವೆ. ಟೇಕಾಫ್ ಓಟದಲ್ಲಿ ವಿ-ಒನ್ ಎಂಬ ನಿರ್ಧಾರದ ವೇಗವನ್ನು ದಾಟಿದ್ದರೆ ನಿಲ್ಲಿಸುವಂತಿಲ್ಲ, ಏರಲೇಬೇಕು. ಒಂದೇ ಎಂಜಿನ್ನಿನಲ್ಲಿ ಏರುವ ಸಾಮರ್ಥ್ಯ ವಿಮಾನಕ್ಕೆ ಇರುತ್ತದೆ. ಮೊದಲ ಕೆಲಸ ವಿಮಾನವನ್ನು ನೆಟ್ಟಗೆ ಹಾರಿಸುವುದು. ಕೆಲವು ನೂರು ಅಡಿ ಏರಿ ಹಾರಾಟ ಸ್ಥಿರವಾದ ಮೇಲಷ್ಟೇ, ಯಾವ ಎಂಜಿನ್ ಕೆಟ್ಟಿದೆ ಎಂಬುದನ್ನು ಇಬ್ಬರೂ ಮಾಪಕ ನೋಡಿ ಖಚಿತಪಡಿಸಿಕೊಂಡು ಚೆಕ್‌ಲಿಸ್ಟ್ ಹಿಡಿಯುತ್ತಾರೆ. ಈ ನಿಧಾನ ಉದಾಸೀನವಲ್ಲ. 1989ರಲ್ಲಿ ಇಂಗ್ಲೆಂಡಿನ ಕೆಗ್‌ವರ್ತ್ ಬಳಿ ಫ್ಯಾನಿನ ಅಲಗು ಮುರಿದಾಗ (ಅಲ್ಲಿ ಹಕ್ಕಿಯ ಪಾತ್ರವಿರಲಿಲ್ಲ) ಪೈಲಟ್‌ಗಳು ಚೆನ್ನಾಗಿದ್ದ ಎಂಜಿನ್ನನ್ನೇ ನಿಲ್ಲಿಸಿಬಿಟ್ಟರು. 47 ಜನ ಸತ್ತರು.

ಎರಡೂ ಎಂಜಿನ್ ಹೋದರೆ ಲೆಕ್ಕವೇ ಬೇರೆ. 2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಯುಎಸ್ ಏರ್‌ವೇಸ್ 1549 ವಿಮಾನಕ್ಕೆ ಸುಮಾರು 2,800 ಅಡಿ ಎತ್ತರದಲ್ಲಿ ಕೆನಡಾ ಹೆಬ್ಬಾತುಗಳ ಹಿಂಡು ಬಡಿದಾಗ ಎರಡೂ ಎಂಜಿನ್‌ಗಳ ಕೋರ್ ಹಾಳಾಯಿತು, ಮತ್ತೆ ಚಾಲೂ ಮಾಡುವ ಯತ್ನ ಫಲಿಸಲಿಲ್ಲ. ಪೈಲಟ್‌ಗಳ ಕೈಯಲ್ಲಿದ್ದ ಚೆಕ್‌ಲಿಸ್ಟ್ ಬಹಳ ಎತ್ತರದಲ್ಲಿ ಎಂಜಿನ್ ನಿಂತಾಗ ಬಳಸಲೆಂದು ಬರೆದದ್ದು. ವಿಮಾನವನ್ನು ಹಡ್ಸನ್ ನದಿಗೆ ಇಳಿಸುವಷ್ಟರಲ್ಲಿ ಅದನ್ನು ಪೂರ್ತಿ ಓದುವುದಕ್ಕೂ ಸಮಯವಿರಲಿಲ್ಲ. ಕ್ಯಾಪ್ಟನ್ ಸಲೆನ್‌ಬರ್ಗರ್ ಚೆಕ್‌ಲಿಸ್ಟಿನ ಸರದಿಗೆ ಕಾಯದೆ ಬಾಲದಲ್ಲಿರುವ ಸಹಾಯಕ ವಿದ್ಯುತ್ ಘಟಕವನ್ನು ಚಾಲೂ ಮಾಡಿದ್ದರಿಂದ ವಿಮಾನದ ನಿಯಂತ್ರಣ ವ್ಯವಸ್ಥೆಗೆ ವಿದ್ಯುತ್ ತಪ್ಪಲಿಲ್ಲ. 155 ಮಂದಿಯೂ ಬದುಕಿದರು.

ಇಳಿಯುವಾಗ ನೆಲದ ಸಮೀಪ ಹಿಂಡು ಎದುರಾದರೆ ಸಾಮಾನ್ಯವಾಗಿ ಇಳಿದುಬಿಡುವುದೇ ಮೇಲು, ಏಕೆಂದರೆ ಎಂಜಿನ್ ಕಡಿಮೆ ಬಲದಲ್ಲಿ ತಿರುಗುತ್ತಿರುತ್ತದೆ, ರನ್‌ವೇಯೂ ಕಣ್ಣೆದುರಿಗೇ ಇರುತ್ತದೆ. 2008ರ ನವೆಂಬರ್‌ನಲ್ಲಿ ರೋಮಿನ ಚಾಂಪಿನೋ ನಿಲ್ದಾಣದಲ್ಲಿ ಸ್ಟಾರ್ಲಿಂಗ್ ಎಂಬ ಪುಟ್ಟ ಹಕ್ಕಿಗಳ ಹಿಂಡು ಕಂಡು ಮತ್ತೆ ಮೇಲೇರಲು ಹೊರಟ ಬೋಯಿಂಗ್ 737ರ ಎರಡೂ ಎಂಜಿನ್‌ಗಳು ಬಲ ಕಳೆದುಕೊಂಡವು; ವಿಮಾನ ಧೊಪ್ಪನೆ ರನ್‌ವೇಗೆ ಬಿತ್ತು, ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ.

ಯಾರೂ ಕೇಳದ, ಆದರೆ ಕೇಳಬೇಕಾದ ಪ್ರಶ್ನೆಯೊಂದಿದೆ: ಚಿಂದಿಯಾದ ಆ ಹಕ್ಕಿ ಯಾವುದೆಂದು ಹೇಗೆ ತಿಳಿಯುತ್ತದೆ, ತಿಳಿದು ಪ್ರಯೋಜನವೇನು? 1960ರ ಅಕ್ಟೋಬರ್‌ನಲ್ಲಿ ಬಾಸ್ಟನ್ನಿನಲ್ಲಿ ಎಲೆಕ್ಟ್ರಾ ವಿಮಾನ ಬಿದ್ದು 62 ಜನ ಸತ್ತಾಗ, ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಗರಿತಜ್ಞೆ ರಾಕ್ಸಿ ಲೇಬರ್ನ್ ಎಂಜಿನ್ನಿನಲ್ಲಿ ಸಿಕ್ಕ ಗರಿಗಳ ಚೂರನ್ನು ಪರೀಕ್ಷಿಸಿ ಅವು ಪುಟ್ಟ ಸ್ಟಾರ್ಲಿಂಗ್‌ಗಳು ಎಂದು ಗುರುತಿಸಿದರು. ಗರಿಯ ಸೂಕ್ಷ್ಮ ಎಳೆಗಳ ರಚನೆ ಹಕ್ಕಿಯ ಬಳಗದಿಂದ ಬಳಗಕ್ಕೆ ಬೇರೆಯಾಗಿರುತ್ತದೆ. ಈಗ ಜೊತೆಗೆ ಡಿಎನ್ಎ ಪರೀಕ್ಷೆಯೂ ಇದೆ. ಹಕ್ಕಿ ಯಾವುದೆಂದು ಗೊತ್ತಾದರೆ ಅದರ ತೂಕ ಗೊತ್ತಾಗುತ್ತದೆ, ಎಂಜಿನ್ ಪರೀಕ್ಷೆಗೆ ಎಷ್ಟು ಭಾರದ ಹಕ್ಕಿ ಬೇಕೆಂದು ನಿರ್ಧರಿಸಲು ಆಧಾರ ಸಿಗುತ್ತದೆ. 1549ಕ್ಕೆ ಬಡಿದ ಹೆಬ್ಬಾತುಗಳ ಗರಿಯಲ್ಲಿನ ಹೈಡ್ರೋಜನ್ ಐಸೊಟೋಪುಗಳನ್ನು (ತೂಕದಲ್ಲಿ ಬೇರೆಯಾದ ಹೈಡ್ರೋಜನ್ ಬಗೆಗಳು; ಅವುಗಳ ಪ್ರಮಾಣ ಗರಿ ಬೆಳೆದ ಪ್ರದೇಶಕ್ಕೆ ತಕ್ಕಂತೆ ಬೇರೆಯಾಗಿರುತ್ತದೆ) ಅಳೆದು ನೋಡಿದಾಗ ಅವು ನ್ಯೂಯಾರ್ಕಿನಲ್ಲೇ ನೆಲೆಸಿದ ಹಕ್ಕಿಗಳಲ್ಲ, ಉತ್ತರದಿಂದ ವಲಸೆ ಬಂದವು ಎಂದು ತಿಳಿಯಿತು. ಅಂದಮೇಲೆ ನಿಲ್ದಾಣದ ಸುತ್ತಲಿನ ಹೆಬ್ಬಾತುಗಳನ್ನು ಮೊದಲೇ ಓಡಿಸಿದ್ದರೂ ಆ ಹಿಂಡು ಬರುವುದೇನೂ ತಪ್ಪುತ್ತಿರಲಿಲ್ಲ.