ದುರ್ಗಕ್ಕೆ ಹೋಗಿ ಬರುವಷ್ಟು ದೂರ

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಸುಮಾರು 60 ಕಿ.ಮೀ. ಹೋಗಿ ಬಂದರೆ 120. ಭಾನುವಾರ ನಸುಕಿನಲ್ಲಿ ಹೆಲ್ಮೆಟ್ ಹಾಕಿಕೊಂಡು, ಹಿಂದೆ ಕೆಂಪು ದೀಪ ಮಿನುಗಿಸುತ್ತಾ ಆನಗೋಡು, ಭರಮಸಾಗರದ ಕಡೆ ಹೊರಟ ಗೇರ್ ಸೈಕಲ್‌ನವರನ್ನು ಕಂಡರೆ ಟೀ ಅಂಗಡಿಯಲ್ಲಿ ಈಗಲೂ ಯಾರಾದರೂ ಕೇಳುತ್ತಾರೆ: "ಯಾಕೆ, ಬಸ್ ಇಲ್ವಾ ಇವ್ರಿಗೆ?"

ಊರಿಂದ ಊರಿಗೆ ನಡೆದ ಮೊದಲ ಸೈಕಲ್ ರೇಸ್ ಹೆಚ್ಚುಕಮ್ಮಿ ಇಷ್ಟೇ ದೂರದ್ದು. 1869ರ ನವೆಂಬರ್ 7, ಪ್ಯಾರಿಸ್‌ನಿಂದ ರುವಾನ್‌ಗೆ, 123 ಕಿ.ಮೀ. ಗೆದ್ದವನು ಜೇಮ್ಸ್ ಮೂರ್ ಎಂಬ ಇಂಗ್ಲಿಷ್ ಹುಡುಗ. ಹಿಡಿದದ್ದು 10 ಗಂಟೆ 40 ನಿಮಿಷ. ಆಗಿನ ಸೈಕಲ್‌ಗೆ ಚೈನ್ ಇರಲಿಲ್ಲ, ಪೆಡಲ್ ಮುಂದಿನ ಚಕ್ರಕ್ಕೇ. ಸೈಕಲ್ ಟೈರಿಗೆ ಗಾಳಿ ತುಂಬುವುದಂತೂ ಇನ್ನೂ ಬಳಕೆಗೆ ಬಂದಿರಲಿಲ್ಲ. "ಮಿಸ್ ಅಮೆರಿಕ" ಎಂದು ಹೆಸರು ಬರೆಸಿದ್ದ ಒಬ್ಬ ಹೆಂಗಸೂ ಆ ರೇಸ್ ಮುಗಿಸಿದರು. ಒಲಿಂಪಿಕ್ಸ್‌ನಲ್ಲಿ ಗಂಡಸರ ಸೈಕ್ಲಿಂಗ್ 1896ರಲ್ಲೇ ಇತ್ತು. ಹೆಂಗಸರಿಗೆ ಅವಕಾಶ ಸಿಕ್ಕಿದ್ದು 1984ರಲ್ಲಿ!

ರೇಸ್ ನಡೆಸಿದವರು ಯಾರು ಅಂದರೆ ಒಂದು ಸೈಕಲ್ ಪತ್ರಿಕೆ ಮತ್ತು ಸೈಕಲ್ ತಯಾರಿಸುತ್ತಿದ್ದ ಒಲಿವಿಯೆ ಸಹೋದರರು. ಅಲ್ಲಿಗೆ ಗುಟ್ಟು ಗೊತ್ತಾಯಿತಲ್ವಾ? ಮಾಲು ಮಾರಬೇಕಿತ್ತು. 1891ರ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಓಟವನ್ನೂ ಶುರು ಮಾಡಿದ್ದು ಪತ್ರಿಕೆಯೇ. ಫ್ರಾನ್ಸ್ ಸುತ್ತುವ ರೇಸ್, 1903ರ ಮೊದಲ ಟೂರ್ ಡಿ ಫ್ರಾನ್ಸ್ ಹುಟ್ಟಿದ್ದು 'ಲೋಟೊ' ಪತ್ರಿಕೆ ತನ್ನ ಎದುರಾಳಿ ಪತ್ರಿಕೆಯನ್ನು ಮಣಿಸಲು. 60 ಜನ ಹೊರಟರು, 21 ಜನ ಮುಗಿಸಿದರು, ಮಾರಿಸ್ ಗರಾಂ ಗೆದ್ದ. ಪತ್ರಿಕೆಯ ಕಾಗದ ಹಳದಿ. ಮುಂದೆ 1919ರಲ್ಲಿ ಮುಂಚೂಣಿಯಲ್ಲಿದ್ದವನಿಗೆ ತೊಡಿಸಿದ ಅಂಗಿಯೂ ಹಳದಿ.

ಈ ನಡುವೆ ಸೈಕಲ್ಲೇ ಬದಲಾಗಿತ್ತು. ಮುಂದೆ ಆಳೆತ್ತರದ ಚಕ್ರವಿದ್ದ ಸೈಕಲ್ಲಿನಿಂದ ಬಿದ್ದರೆ ತಲೆ ಕೆಳಗಾಗಿಯೇ ಬೀಳಬೇಕು. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ತಂದ 'ರೋವರ್' ಸೈಕಲ್‌ಗೆ ಹೆಚ್ಚುಕಮ್ಮಿ ಒಂದೇ ಅಳತೆಯ ಎರಡು ಚಕ್ರ, ಹಿಂದಿನ ಚಕ್ರಕ್ಕೆ ಚೈನ್. 1888ರಲ್ಲಿ ಡನ್ಲಪ್ ಗಾಳಿ ಟೈರ್ ತಂದ. ನಮ್ಮ ಅಜ್ಜಂದಿರ ಕಪ್ಪು ಸೈಕಲ್ ಇದೇ ವಂಶದ್ದು.

ಆ ಕಪ್ಪು ಸೈಕಲ್ ನಮ್ಮಲ್ಲಿ ಆಟದ ಸಾಮಾನಾಗಿ ಬರಲಿಲ್ಲ. ಮದ್ರಾಸಿನಲ್ಲಿ ಟಿಐ ಸೈಕಲ್ಸ್ ಕಂಪನಿ 1949ರಲ್ಲಿ, ಸೋನಿಪತ್‌ನಲ್ಲಿ ಅಟ್ಲಾಸ್ 1951ರಲ್ಲಿ, ಲುಧಿಯಾನದಲ್ಲಿ ಹೀರೊ 1956ರಲ್ಲಿ ಸೈಕಲ್ ತಯಾರಿಕೆ ಶುರು ಮಾಡಿದವು. ದಾವಣಗೆರೆ ಆಗ ಹತ್ತಿ ಗಿರಣಿಗಳ ಊರು. ಪಾಳಿಗೆ ಹೋಗುವವನ ಕಾಲು, ಹಾಲು ತರುವವನ ಗಾಡಿ, ಎಲ್ಲ ಸೈಕಲ್ಲೇ. ದಿನಾ ಹೊಟ್ಟೆಪಾಡಿಗೆ ತುಳಿಯುವವನಿಗೆ ರೇಸ್ ಯಾಕೆ? ಪಂದ್ಯದ ಹುಚ್ಚಿಗೆ ಇಲ್ಲಿ ಗರಡಿ ಮನೆ ಇತ್ತು, ಕುಸ್ತಿ ಇತ್ತು. ಸೈಕಲ್ ರೇಸಿನವರು ಹುಟ್ಟಿದ್ದು ಹೆಚ್ಚಾಗಿ ವಿಜಯಪುರ, ಬಾಗಲಕೋಟೆ ಕಡೆ.

ಆದರೆ ಮಜಾ ಇರಲಿಲ್ಲವೆಂದಲ್ಲ. ಮಜಾ ಇದ್ದದ್ದು ಬಾಡಿಗೆ ಸೈಕಲ್ ಅಂಗಡಿಯಲ್ಲಿ. ಗಂಟೆ ಲೆಕ್ಕ, ಕಾಸು ಚಿಲ್ಲರೆ. ಸೀಟು ನಿಲುಕದಿದ್ದರೆ ಬಾರ್ ಕೆಳಗೆ ಕಾಲು ತೂರಿಸಿ, ಅರ್ಧ ಪೆಡಲ್ ತುಳಿಯುತ್ತಾ ಕಲಿಯಬೇಕು. ಮೊಣಕಾಲು ತರಚದೆ ಕಲಿತವರನ್ನು ನಾನಂತೂ ನೋಡಿಲ್ಲ. ಹಬ್ಬಕ್ಕೆ ನಿಧಾನ ಸೈಕಲ್ ಸ್ಪರ್ಧೆ: ಕಾಲು ಊರದೆ ಕೊನೆಗೆ ಬಂದವನೇ ಗೆದ್ದ. ನನ್ನ ಕಣ್ಣಿಗೆ ಟೂರ್ ಡಿ ಫ್ರಾನ್ಸ್‌ಗಿಂತ ಕಷ್ಟದ ಆಟ ಇದು.

ಇನ್ನು ಸೈಕಲ್ ಸರ್ಕಸ್ಸು. ಒಬ್ಬ ಬಂದು ಖಾಲಿ ಜಾಗದಲ್ಲಿ ಕಂಬ ನೆಟ್ಟು, ಮೈಕ್ ಕಟ್ಟಿ, ಏಳೆಂಟು ದಿನ ಇಳಿಯದೆ ಸುತ್ತು ಹೊಡೆಯುತ್ತಿದ್ದ. ಊಟ, ಸ್ನಾನ, ಗಡ್ಡ ಬೋಳಿಸುವುದು, ಎಲ್ಲ ಸೈಕಲ್ ಮೇಲೆಯೇ. ಸಂಜೆ ಎದೆಯ ಮೇಲೆ ಟ್ಯೂಬ್‌ಲೈಟ್ ಒಡೆಸಿಕೊಳ್ಳುವುದು, ರೆಕಾರ್ಡ್ ಡ್ಯಾನ್ಸು. ಕೊನೆಯ ದಿನ ಜನ ಅವನ ಅಂಗಿಗೆ ನೋಟು ಚುಚ್ಚುತ್ತಿದ್ದರು. ಪ್ಯಾರಿಸ್ಸಿನ ಪತ್ರಿಕೆ ಮಾಲೀಕರು ಮಾಡಿದ್ದೂ ಇದೇ ಅಲ್ವಾ, ಒಬ್ಬನ ಸುಸ್ತನ್ನು ನೂರು ಜನಕ್ಕೆ ತೋರಿಸುವುದು? ವ್ಯತ್ಯಾಸ ಇಷ್ಟೇ: ನಮ್ಮವನಿಗೆ ಮಾರಲು ಬೇರೆ ಮಾಲು ಇರಲಿಲ್ಲ.

ಆಮೇಲೆ ಮೊಪೆಡ್, ಬೈಕ್ ಬಂದವು. ಬಾಡಿಗೆ ಅಂಗಡಿಗಳು ಪಂಕ್ಚರ್ ಅಂಗಡಿಗಳಾದವು. ಸೈಕಲ್ ಅಂದರೆ ಬಡವನ ಗಾಡಿ ಅನ್ನುವ ಮಾತು ಬೇರೂರಿತು. 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಹೆಣ್ಣುಮಕ್ಕಳಿಗೆ, ಮರುವರ್ಷ ಗಂಡುಮಕ್ಕಳಿಗೂ ಸೈಕಲ್ ಕೊಡತೊಡಗಿದಾಗ ಹಳ್ಳಿ ರಸ್ತೆಗೆ ಮತ್ತೆ ಬೆಲ್ಲಿನ ಸದ್ದು ಬಂತು. ಸಾಲಾಗಿ ಸೈಕಲ್ ಮೇಲೆ ಬರುವ ಹುಡುಗಿಯರನ್ನು ನೋಡುವುದೇ ಚೆಂದವಿತ್ತು. ಕೊರೊನಾ ಬಂದ ಮೇಲೆ ಅದೂ ನಿಂತಿತು.

ಈಗಿನ ಭಾನುವಾರದ ಸವಾರರು ಸ್ಪರ್ಧೆಗಿಂತ ದೂರವನ್ನು ನೆಚ್ಚಿದವರು. 'ಬ್ರೆವೆ' ಎಂಬ ದೂರ ಸವಾರಿಯಲ್ಲಿ 200 ಕಿ.ಮೀ.ಗೆ ಹದಿಮೂರೂವರೆ ಗಂಟೆ ಕಾಲಾವಕಾಶ, ಮೊದಲು ಬಂದವನಿಗೆ ವಿಶೇಷ ಬಹುಮಾನವೇನಿಲ್ಲ. ಬೆಂಗಳೂರಿನಿಂದ ದುರ್ಗಕ್ಕೆ ಸರಿಸುಮಾರು ಅಷ್ಟೇ ದೂರ. 1891ರ ಆ ಹಳೇ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಓಟವೂ ಈಗ ರೇಸ್ ಅಲ್ಲ, ನಾಲ್ಕು ವರ್ಷಕ್ಕೊಮ್ಮೆ ನಡೆಯುವ 1200 ಕಿ.ಮೀ. ಸವಾರಿ.

ಕಳೆದ ಆಷಾಢದಲ್ಲಿ ನಾನೂ ದುರ್ಗಕ್ಕೆ ಹೋಗಿ ಬಂದೆ. ಹೋಗುವಾಗ ಗಾಳಿ ಬೆನ್ನಿಗಿತ್ತು, ನಾನೇನೋ ದೊಡ್ಡ ಪೈಲ್ವಾನ ಅನ್ನಿಸಿತು. ವಾಪಸ್ ಬರುವಾಗ ಗುಡ್ಡದ ಮೇಲೆ ಅಷ್ಟೊಂದು ಗಾಳಿಯಂತ್ರ ಯಾಕೆ ನೆಟ್ಟಿದ್ದಾರೆಂದು ಮೊಣಕಾಲಿಗೆ ತಿಳಿಯಿತು. ಗಾಳಿ ಟೈರ್, ಚೈನ್, ಗೇರ್ ಎಲ್ಲ ಇದ್ದೂ ಒಂಬತ್ತೂವರೆ ಗಂಟೆ ಹಿಡಿಯಿತು. 1869ರ ಜೇಮ್ಸ್ ಮೂರ್‌ಗಿಂತ ಒಂದು ಗಂಟೆ ಬೇಗ, ಅಷ್ಟೇ. ಅದರಲ್ಲಿ ಎರಡು ಸಲ ತಿಂಡಿಯೂ ಸೇರಿದೆ.