ಟ್ವೀಡ್ ಎಂದರೆ ಯಾವ ಬಟ್ಟೆ?

ಸ್ಕಾಟ್ಲೆಂಡಿನ ದಕ್ಷಿಣ ಗಡಿಸೀಮೆಯಲ್ಲಿ ಟ್ವೀಡ್ ಎಂಬ ನದಿ ಹರಿಯುತ್ತದೆ. ಅದರ ಉಪನದಿಗಳ ದಂಡೆಯಲ್ಲಿರುವ ಹಾಯಿಕ್, ಗ್ಯಾಲಶೀಲ್ಸ್, ಸೆಲ್ಕರ್ಕ್ ಎಂಬ ಊರುಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಉಣ್ಣೆ ಗಿರಣಿಗಳಿಗೆ ಹೆಸರಾಗಿದ್ದವು. ಟ್ವೀಡ್ ಎಂಬ ದಪ್ಪ ಉಣ್ಣೆಬಟ್ಟೆಗೆ ಆ ನದಿಯಿಂದಲೇ ಹೆಸರು ಬಂದಿರಬೇಕೆಂದು ಯಾರಾದರೂ ಊಹಿಸಿದರೆ ತಪ್ಪು ಹಿಡಿಯುವಂತಿಲ್ಲ, ಆದರೆ ಪದದ ಚರಿತ್ರೆ ಬೇರೆ ದಾರಿ ತೋರಿಸುತ್ತದೆ. ಓರೆ ನೇಯ್ಗೆಯನ್ನು ಇಂಗ್ಲಿಷರು ಟ್ವಿಲ್ ಎನ್ನುತ್ತಾರೆ, ಸ್ಕಾಟರ ನಾಲಗೆಯಲ್ಲಿ ಅದು ಟ್ವೀಲ್. 1830ರ ಆಸುಪಾಸಿನಲ್ಲಿ ಗಡಿಸೀಮೆಯಿಂದ ಲಂಡನ್ನಿಗೆ ಹೋದ ಸರಕಿನ ಕಾಗದದಲ್ಲಿ ಟ್ವೀಲ್ ಎಂದು ಗೀಚಿದ್ದನ್ನು ಅಲ್ಲಿನ ವ್ಯಾಪಾರಿಯೊಬ್ಬ ಟ್ವೀಡ್ ಎಂದು ಓದಿಕೊಂಡ. ನದಿಯ ಹೆಸರು ಮೊದಲೇ ಕಿವಿಗೆ ಬಿದ್ದಿದ್ದರಿಂದ ಅವನಿಗೆ ಅನುಮಾನ ಬರಲಿಲ್ಲ, ಸರಕು ಅದೇ ಹೆಸರಿನಲ್ಲಿ ಮಾರಾಟವಾಯಿತು. ಈ ಪ್ರಸಂಗದ ವಿವರಗಳು ಹೇಳುವವರಿಗೆ ತಕ್ಕಂತೆ ಬದಲಾಗುತ್ತವೆಯಾದರೂ, ಟ್ವೀಲ್ ಎಂಬುದೇ ಟ್ವೀಡ್ ಆಯಿತೆಂಬ ವಿಷಯದಲ್ಲಿ ಹೆಚ್ಚಿನ ತಕರಾರಿಲ್ಲ. ಬ್ರಿಟಿಷ್ ಪರಂಪರೆಯ ಪ್ರತೀಕವೆಂದು ಕೊಂಡಾಡುವ ಬಟ್ಟೆಯ ಹೆಸರು ಕೈಬರಹದ ಒಂದು ತಪ್ಪು ಓದು ಎಂಬುದನ್ನು ಮೊದಲೇ ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಹಲವು ಸಂಗತಿಗಳು ಸುಲಭವಾಗಿ ಅರ್ಥವಾಗುತ್ತವೆ.

ಹೆಸರಿನ ಬೇರು ನೇಯ್ಗೆಯಲ್ಲಿರುವುದರಿಂದ ನೇಯ್ಗೆಯನ್ನೇ ಮೊದಲು ನೋಡಬೇಕು. ಸಾದಾ ನೇಯ್ಗೆಯಲ್ಲಿ ಹೊಕ್ಕಿನ, ಅಂದರೆ ಅಡ್ಡಕ್ಕೆ ಹೋಗುವ, ಎಳೆ ಉದ್ದಕ್ಕೆ ಬಿಗಿದ ಹಾಸಿನ ಒಂದು ಎಳೆಯ ಮೇಲೆ, ಮುಂದಿನದರ ಕೆಳಗೆ ಹಾಯುತ್ತದೆ. ಓರೆ ನೇಯ್ಗೆಯಲ್ಲಿ ಅದು ಎರಡು ಎಳೆಗಳ ಮೇಲೆ, ಎರಡರ ಕೆಳಗೆ ಹಾಯುತ್ತಾ, ಪ್ರತಿ ಸಾಲಿಗೂ ಒಂದೊಂದು ಎಳೆಯಷ್ಟು ಪಕ್ಕಕ್ಕೆ ಸರಿಯುತ್ತದೆ. ಬಟ್ಟೆಯ ಮೈಮೇಲೆ ಓರೆಗೆರೆಗಳು ಮೂಡುವುದು ಹೀಗೆ. ಜೀನ್ಸ್ ಪ್ಯಾಂಟನ್ನು ಹತ್ತಿರದಿಂದ ನೋಡಿದವರಿಗೆ ಇಂಥ ಗೆರೆ ಪರಿಚಿತ. ಓರೆಯ ದಿಕ್ಕನ್ನು ನಿಯತ ಅಂತರದಲ್ಲಿ ತಿರುಗಿಸುತ್ತಾ ಹೋದರೆ ಮೀನಿನ ಮುಳ್ಳಿನಂಥ ಹೆರಿಂಗ್‌ಬೋನ್ ವಿನ್ಯಾಸ ಬರುತ್ತದೆ. ಹಾಸಿನಲ್ಲೂ ಹೊಕ್ಕಿನಲ್ಲೂ ನಾಲ್ಕು ಕಪ್ಪು, ನಾಲ್ಕು ಬಿಳಿ ಎಳೆಗಳನ್ನು ಸರದಿಯಂತೆ ಕೂಡಿಸಿದರೆ ಮೊನಚು ಮೂಲೆಗಳ ಹೌಂಡ್ಸ್‌ಟೂತ್, ಅಂದರೆ ಬೇಟೆನಾಯಿಯ ಹಲ್ಲು, ಕಾಣಿಸಿಕೊಳ್ಳುತ್ತದೆ. ಆದರೆ ಟ್ವೀಡ್ ಆದದ್ದೆಲ್ಲ ಓರೆ ನೇಯ್ಗೆಯದೇ ಆಗಿರಬೇಕೆಂಬ ಕಟ್ಟಳೆ ಈಗ ಉಳಿದಿಲ್ಲ. ಸಾದಾ ನೇಯ್ಗೆಯ ಟ್ವೀಡೂ ಉಂಟು, ಐರ್ಲೆಂಡಿನ ಡೊನೆಗಾಲ್ ಟ್ವೀಡಿನಲ್ಲಿ ಅದು ಸಾಮಾನ್ಯ. ಹೆಸರು ನೇಯ್ಗೆಯಿಂದ ಬಂದರೂ ಅರ್ಥ ನಿಂತಿರುವುದು ನೂಲಿನ ಮೇಲೆ.

ಉಣ್ಣೆಯ ನೂಲನ್ನು ಎರಡು ಬಗೆಯಲ್ಲಿ ತೆಗೆಯುತ್ತಾರೆ. ಉದ್ದನೆಯ ಕೂದಲನ್ನು ಬಾಚಿ, ಎಲ್ಲ ಎಳೆಗಳೂ ಒಂದೇ ದಿಕ್ಕಿಗೆ ಮಲಗುವಂತೆ ಮಾಡಿ ಬಿಗಿಯಾಗಿ ನೂತರೆ ನಯವಾದ, ತೆಳುವಾದ ನೂಲು ಸಿಗುತ್ತದೆ. ಇಂಗ್ಲೆಂಡಿನ ನಾರ್ಫೋಕ್ ಸೀಮೆಯ ಒಂದು ಹಳ್ಳಿಯ ಹೆಸರಿನಿಂದ ಇದಕ್ಕೆ ವರ್ಸ್ಟೆಡ್ ಎಂಬ ಹೆಸರಾಯಿತು. ಮದುವೆಗೆ ಹೊಲಿಸುವ ಒಳ್ಳೆಯ ಸೂಟು ಸಾಮಾನ್ಯವಾಗಿ ಈ ಜಾತಿಯದು. ಗಿಡ್ಡ ಕೂದಲನ್ನು ಹಿಂಜಿ, ಎಳೆಗಳು ಅಡ್ಡಾದಿಡ್ಡಿಯಾಗಿ ಹೆಣೆದುಕೊಂಡಿರುವಾಗಲೇ ಸಡಿಲವಾಗಿ ನೂತರೆ ಸಿಗುವುದು ದಪ್ಪನೆಯ, ಮೈಮೇಲೆ ನವಿರೆದ್ದ ನೂಲು. ಟ್ವೀಡ್ ಇದರ ಕೂಸು. ಹೆಣೆದುಕೊಂಡ ಎಳೆಗಳ ನಡುವೆ ಸಿಕ್ಕಿಬೀಳುವ ಗಾಳಿಯೇ ಅದರ ಬೆಚ್ಚನೆಯ ಗುಟ್ಟು. ಬರಿ ಮೈಗೆ ಅದು ಚುಚ್ಚುವುದು ಹೊರಚಾಚಿದ ಒರಟು ಎಳೆಗಳ ತುದಿಯಿಂದ, ಮತ್ತು ಕಂಬಳಿಯ ಮೇಲೆ ಕೂತು ಉಣ್ಣುವವರು ಕೂದಲನ್ನು ದೂರುವಂತಿಲ್ಲ.

ಉಣ್ಣೆಯ ಆಕರ್ಷಣೆಯನ್ನು ಕುರಿತು ಹೇಳುವ ಮಾತುಗಳಲ್ಲಿ ಬಹಳಷ್ಟು ಅಂಗಡಿಯವರ ಮಾತು, ಆದರೆ ಕೆಲವಕ್ಕೆ ಗಟ್ಟಿ ಆಧಾರವಿದೆ. ಉಣ್ಣೆ ನಮ್ಮ ಕೂದಲಿನಂತೆ ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಅದರ ಎಳೆಯ ಹೊರಮೈ ನೀರಿನ ಹನಿಯನ್ನು ಜಾರಿಸುತ್ತದೆ, ಒಳಮೈ ಮಾತ್ರ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಹೀರಿದರೂ ಮುಟ್ಟಿದವರಿಗೆ ಒದ್ದೆಯೆನಿಸುವುದಿಲ್ಲ. ಹೀಗೆ ಹೀರುವಾಗ ಸ್ವಲ್ಪ ಶಾಖವನ್ನೂ ಬಿಡುಗಡೆ ಮಾಡುತ್ತದೆ. ದಿನದಲ್ಲಿ ನಾಲ್ಕು ಸಲ ಜಿನುಗಿ, ನಾಲ್ಕು ಸಲ ಬಿಡುವು ಕೊಡುವ ಮಳೆಯ ನಾಡಿನಲ್ಲಿ, ಗುಡ್ಡ ಹತ್ತಿ ಬೆವರಿ, ಮರುಗಳಿಗೆಯಲ್ಲಿ ಗಾಳಿಗೆ ಮೈಯೊಡ್ಡಬೇಕಾದವನಿಗೆ ಈ ಗುಣ ಎಷ್ಟು ದೊಡ್ಡದೆಂದು ಬಿಡಿಸಿ ಹೇಳಬೇಕಾಗಿಲ್ಲ. ಧಾರೆಯಾಗಿ ಸುರಿಯುವ ಮಳೆಯಲ್ಲಿ ಮಾತ್ರ ಟ್ವೀಡ್ ಕೋಟು ನೀರು ಕುಡಿದು ಭಾರವಾಗುತ್ತದೆ ಮತ್ತು ಒಣಗುವುದಕ್ಕೆ ತುಂಬಾ ಹೊತ್ತು ತೆಗೆದುಕೊಳ್ಳುತ್ತದೆ. ಇದನ್ನು ಮಾರುವವರು ಹೇಳುವುದು ಕಡಿಮೆ.

ಟ್ವೀಡಿನ ನಿಜವಾದ ಸೊಗಸಿರುವುದು ಬಣ್ಣದಲ್ಲಿ ಎಂಬುದು ನನ್ನ ಅಭಿಪ್ರಾಯ. ಸಾಮಾನ್ಯವಾಗಿ ನೂಲಿಗೋ ನೇಯ್ದ ಬಟ್ಟೆಗೋ ಬಣ್ಣ ಹಾಕುತ್ತಾರೆ. ಒಳ್ಳೆಯ ಟ್ವೀಡಿನಲ್ಲಿ ನೂಲುವ ಮೊದಲೇ ಉಣ್ಣೆಗೆ ಬಣ್ಣ ಹಾಕಿ, ಬೇರೆ ಬೇರೆ ಬಣ್ಣದ ಉಣ್ಣೆಗಳನ್ನು ತೂಕದ ಲೆಕ್ಕದಲ್ಲಿ ಬೆರೆಸಿ, ಒಟ್ಟಿಗೆ ಹಿಂಜಿ ನೂಲು ತೆಗೆಯುತ್ತಾರೆ. ಹೀಗಾಗಿ ಹತ್ತು ಹೆಜ್ಜೆ ದೂರದಿಂದ ಬರಿಯ ಕಂದು ಎಂದು ಕಾಣುವ ಕೋಟನ್ನು ಕೈಗೆತ್ತಿಕೊಂಡು ನೋಡಿದರೆ ಒಂದೇ ಎಳೆಯಲ್ಲಿ ಹಳದಿ, ನೇರಳೆ, ಪಾಚಿಹಸಿರು, ಇಟ್ಟಿಗೆಗೆಂಪು ತುಣುಕುಗಳು ಕಾಣುತ್ತವೆ. ಸ್ಕಾಟ್ಲೆಂಡಿನ ಗುಡ್ಡಗಳೂ ಹಾಗೆಯೇ. ದೂರಕ್ಕೆ ಬೂದು, ಹತ್ತಿರ ಹೋದರೆ ಹೆದರ್ ಗಿಡದ ನೇರಳೆ ಹೂವು, ಒಣಗಿದ ಜರೀಗಿಡದ ಕಂದು, ಬಂಡೆಯ ಮೇಲಿನ ಕಲ್ಲುಹೂವಿನ ಮಾಸಲು ಹಳದಿ.

ಈ ಹೋಲಿಕೆ ಆಕಸ್ಮಿಕವಾಗಿ ಬಂದದ್ದಲ್ಲ, ಅದನ್ನು ಬೇಕೆಂದೇ ತರಲಾಯಿತು. ವಿಕ್ಟೋರಿಯಾ ರಾಣಿ 1842ರಲ್ಲಿ ಮೊದಲ ಬಾರಿಗೆ ಸ್ಕಾಟ್ಲೆಂಡಿಗೆ ಹೋದಳು, 1852ರಲ್ಲಿ ಅಲ್ಲಿನ ಬಾಲ್ಮೊರಲ್ ಎಸ್ಟೇಟ್ ರಾಜಮನೆತನದ ಕೈಸೇರಿತು. ರಾಣಿಯ ಹಿಂದೆಯೇ ಇಂಗ್ಲೆಂಡಿನ ಹಣವಂತರು ಜಿಂಕೆ ಬೇಟೆಗೆಂದು ಉತ್ತರದ ಗುಡ್ಡಸೀಮೆಯಲ್ಲಿ ಎಸ್ಟೇಟುಗಳನ್ನು ಕೊಳ್ಳತೊಡಗಿದರು, ಗುತ್ತಿಗೆಗೆ ಹಿಡಿಯತೊಡಗಿದರು. ಬೇಟೆಯ ಆಳುಗಳಿಗೆ ಸಮವಸ್ತ್ರ ಬೇಕಿತ್ತು. ಟಾರ್ಟನ್ ಎಂಬ ಚೌಕುಳಿ ಬಟ್ಟೆ ಸ್ಕಾಟ್ ಕುಲಗಳಿಗೆ ಸೇರಿದ್ದು, ಹೊರಗಿನಿಂದ ಬಂದ ಒಡೆಯರಿಗೆ ಅದನ್ನು ತೊಡುವ ಹಕ್ಕಿರಲಿಲ್ಲ. ಆದ್ದರಿಂದ ಒಂದೊಂದು ಎಸ್ಟೇಟಿಗೂ ಅದರದೇ ಟ್ವೀಡ್ ಹುಟ್ಟಿತು, ಮತ್ತು ಜಿಂಕೆಯ ಕಣ್ಣು ತಪ್ಪಿಸಬೇಕಾದ್ದರಿಂದ ಅದಕ್ಕೆ ಆಯಾ ಗುಡ್ಡದ ಬಣ್ಣವೇ ಬಂತು. ರಾಣಿಯ ಗಂಡ ಆಲ್ಬರ್ಟ್ ವಿನ್ಯಾಸಗೊಳಿಸಿದ ಬಾಲ್ಮೊರಲ್ ಟ್ವೀಡಿನಲ್ಲಿ ಕಡುನೀಲಿ, ಬಿಳಿ, ಅಲ್ಲಲ್ಲಿ ಚಿಮುಕಿಸಿದ ಕಡುಗೆಂಪು ಸೇರಿವೆ. ದೂರದಿಂದ ಅದು ಆ ಸೀಮೆಯ ಗ್ರಾನೈಟ್ ಬಂಡೆಯ ಬೂದುಬಣ್ಣವೇ. ಗ್ಲೆನ್ ಅರ್ಕರ್ಟ್ ಎಂಬ ಕಣಿವೆಯ ಎಸ್ಟೇಟಿನಲ್ಲಿ ಆಳುಗಳು ತೊಡುತ್ತಿದ್ದ ಚೌಕುಳಿ, ಮುಂದೆ ವೇಲ್ಸ್ ರಾಜಕುಮಾರ ಅದನ್ನು ಮೆಚ್ಚಿ ತೊಟ್ಟ ಮೇಲೆ, ಪ್ರಿನ್ಸ್ ಆಫ್ ವೇಲ್ಸ್ ಚೆಕ್ ಎಂಬ ಹೆಸರು ಪಡೆದು ಜಗತ್ತಿನ ದರ್ಜಿಗಳ ಅಂಗಡಿ ಸೇರಿತು. ಬೇಟೆಯಲ್ಲಿ ಮರೆಯಾಗಿರಲೆಂದು ಹುಟ್ಟಿದ ಬಟ್ಟೆ ಈಗ ನಗರದಲ್ಲಿ ಎದ್ದು ಕಾಣಲೆಂದು ತೊಡುವ ಬಟ್ಟೆಯಾಗಿದೆ.

ಈ ಗುಡ್ಡಗಳು ಬೇಟೆಗೆ ಅಷ್ಟು ಸುಲಭವಾಗಿ ಬಿಡುವಾಗಿದ್ದು ಹೇಗೆ ಎಂಬುದನ್ನು ವಿನ್ಯಾಸದ ಪುಸ್ತಕಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಹದಿನೆಂಟನೆಯ ಶತಮಾನದ ಕೊನೆಯಿಂದ ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ಗುಡ್ಡಸೀಮೆಯ ಜಮೀನುದಾರರು ಗೇಣಿಯ ರೈತರನ್ನು ಒಕ್ಕಲೆಬ್ಬಿಸಿ, ಅವರ ಹೊಲಗದ್ದೆಗಳ ಜಾಗದಲ್ಲಿ ಚೀವಿಯಟ್ ತಳಿಯ ಕುರಿಗಳನ್ನು ಬಿಟ್ಟರು. ಉಣ್ಣೆಗೆ ಒಳ್ಳೆಯ ಬೆಲೆಯಿತ್ತು, ಮನುಷ್ಯರಿಂದ ಬರುವ ಗೇಣಿ ಅದಕ್ಕೆ ಸರಿಸಾಟಿಯಾಗಿರಲಿಲ್ಲ. ಒಕ್ಕಲೆದ್ದವರಲ್ಲಿ ಬಹುಮಂದಿ ಕಡಲತೀರದ ಬರಡು ನೆಲಕ್ಕೆ ತಳ್ಳಲ್ಪಟ್ಟರು, ಅನೇಕರು ಕೆನಡಾಕ್ಕೆ ಹಡಗು ಹತ್ತಿದರು. ಕುರಿಯ ಲಾಭ ಕುಗ್ಗಿದ ಮೇಲೆ ಅದೇ ನೆಲ ಜಿಂಕೆಯ ಬೇಟೆಗಾಡಾಯಿತು. ಎಸ್ಟೇಟ್ ಟ್ವೀಡಿನ ಬಣ್ಣದಲ್ಲಿ ಕಾಣುವ ನಿರ್ಜನ ಗುಡ್ಡ ಒಂದು ಕಾಲಕ್ಕೆ ನಿರ್ಜನವಾಗಿರಲಿಲ್ಲ.

ಟ್ವೀಡುಗಳ ನಡುವೆ ಎಲ್ಲಕ್ಕಿಂತ ಪ್ರಸಿದ್ಧವಾದ ಹ್ಯಾರಿಸ್ ಟ್ವೀಡ್ ಬಂದದ್ದೂ ಅಂಥ ಬಡ ನೆಲದಿಂದಲೇ. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ, ಅಟ್ಲಾಂಟಿಕ್ ಸಾಗರದ ಅಂಚಿನಲ್ಲಿ ಔಟರ್ ಹೆಬ್ರಿಡೀಸ್ ಎಂಬ ದ್ವೀಪಸಾಲು ಇದೆ. ಲೂಯಿಸ್, ಹ್ಯಾರಿಸ್, ಯೂಯಿಸ್ಟ್, ಬಾರಾ ಅದರ ಮುಖ್ಯ ಭಾಗಗಳು. ಅಲ್ಲಿನವರು ತಮ್ಮ ಮನೆಬಳಕೆಗೆ ನೇಯುತ್ತಿದ್ದ ದಪ್ಪ ಉಣ್ಣೆಬಟ್ಟೆಗೆ ಅವರ ಗೇಲಿಕ್ ಭಾಷೆಯಲ್ಲಿ ಕ್ಲೋ ಮೋರ್ ಎಂದು ಹೆಸರು, ದೊಡ್ಡ ಬಟ್ಟೆ ಎಂದರ್ಥ. ಕಲ್ಲುಹೂವನ್ನು ಉಣ್ಣೆಯೊಂದಿಗೆ ಹಂಡೆಯಲ್ಲಿ ಕುದಿಸಿ ಕೆಂಗಂದು ಬಣ್ಣ ತೆಗೆಯುತ್ತಿದ್ದರು. ನೇಯ್ದಿಳಿಸಿದ ಬಟ್ಟೆಯನ್ನು ಹಳಸಿದ ಮೂತ್ರದಲ್ಲಿ ನೆನೆಸುತ್ತಿದ್ದರು, ಅದರಲ್ಲಿರುವ ಅಮೋನಿಯಾ ಎಣ್ಣೆಯ ಜಿಡ್ಡನ್ನು ಬಿಡಿಸುತ್ತಿತ್ತು. ಬಳಿಕ ಊರ ಹೆಂಗಸರು ಹಲಗೆಯ ಎರಡೂ ಬದಿಗೆ ಕುಳಿತು, ಹಾಡಿನ ಲಯಕ್ಕೆ ಒದ್ದೆ ಬಟ್ಟೆಯನ್ನು ಬಡಿಯುತ್ತಾ, ಕೈಯಿಂದ ಕೈಗೆ ದಾಟಿಸುತ್ತಾ, ಅದು ಕುಗ್ಗಿ ಬಿಗಿಯಾಗುವವರೆಗೆ ಸಾಗಿಸುತ್ತಿದ್ದರು. ನಮ್ಮ ಬೀಸುವ ಪದ, ಕುಟ್ಟುವ ಪದಗಳಂತೆ ಅವರಿಗೆ ಈ ಬಡಿಯುವ ಪದಗಳ ದೊಡ್ಡ ಭಂಡಾರವೇ ಇದೆ; ಕೆಲಸವನ್ನು ಯಂತ್ರ ವಹಿಸಿಕೊಂಡ ಮೇಲೂ ಹಾಡು ಉಳಿದಿದೆ.

ಈ ಮನೆಬಟ್ಟೆ ಪೇಟೆಗೆ ಬಂದದ್ದು 1840ರ ದಶಕದಲ್ಲಿ. ಹ್ಯಾರಿಸ್ ಆಗ ಡನ್‌ಮೋರ್ ಮನೆತನದ ಸ್ವತ್ತು. ವಿಧವೆಯಾದ ಕೌಂಟೆಸ್ ಕ್ಯಾಥರೀನ್ ಮರ್ರೆ ತನ್ನ ಕುಲದ ಟಾರ್ಟನ್ನನ್ನು ಟ್ವೀಡಿನಲ್ಲಿ ನೇಯುವಂತೆ ದ್ವೀಪದ ನೇಕಾರರಿಗೆ ಹೇಳಿ, ಅದು ಚೆನ್ನಾಗಿ ಬಂದಾಗ ತನ್ನ ಎಸ್ಟೇಟಿನ ಆಳುಗಳಿಗೆ ತೊಡಿಸಿ, ಲಂಡನ್ನಿನ ತನ್ನ ಪರಿಚಿತ ವಲಯಕ್ಕೆ ಮಾರಾಟವನ್ನೂ ಹೊಂದಿಸಿಕೊಟ್ಟಳು. 1846ರಿಂದ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ದ್ವೀಪಗಳು ಹಸಿವಿನಲ್ಲಿದ್ದ ದಿನಗಳಲ್ಲಿ ಆ ಆದಾಯ ಆಸರೆಯಾಯಿತೆಂಬುದು ನಿಜ.

ಬೇಡಿಕೆ ಹೆಚ್ಚಿದಾಗ ಹೆಸರನ್ನು ಕದಿಯುವವರೂ ಹುಟ್ಟಿದರು. ಅದಕ್ಕೆ ತಡೆಯೊಡ್ಡಲು 1909ರಲ್ಲಿ ಹ್ಯಾರಿಸ್ ಟ್ವೀಡ್ ಅಸೋಸಿಯೇಷನ್ ರಚನೆಯಾಯಿತು. ಗೋಲದ ಮೇಲೆ ಶಿಲುಬೆಯಿರುವ ಮುದ್ರೆಯನ್ನು ನೋಂದಾಯಿಸಿ, 1911ರಿಂದ ಬಟ್ಟೆಯ ಮೇಲೆ ಒತ್ತತೊಡಗಿದರು. ಮೊದಲು ನೂಲೂ ಕೈಯಲ್ಲೇ ನೂತದ್ದಾಗಿರಬೇಕಿತ್ತು. 1934ರಲ್ಲಿ ದ್ವೀಪದ ಗಿರಣಿಯ ನೂಲಿಗೆ ಒಪ್ಪಿಗೆ ಸಿಕ್ಕಿತು. ಕೊನೆಗೆ ಬ್ರಿಟಿಷ್ ಸಂಸತ್ತು 1993ರಲ್ಲಿ ಹ್ಯಾರಿಸ್ ಟ್ವೀಡಿಗೆಂದೇ ಒಂದು ಕಾಯಿದೆ ಮಾಡಿತು. ಅದರ ಪ್ರಕಾರ ಅಪ್ಪಟ ಹೊಸ ಉಣ್ಣೆಗೆ ಔಟರ್ ಹೆಬ್ರಿಡೀಸಿನಲ್ಲಿಯೇ ಬಣ್ಣ ಹಾಕಿ, ಅಲ್ಲಿಯೇ ನೂತು, ಅಲ್ಲಿನ ನಿವಾಸಿಗಳು ತಮ್ಮ ಮನೆಗಳಲ್ಲಿ ಕೈಮಗ್ಗದಲ್ಲಿ ನೇಯ್ದು, ಅಲ್ಲಿಯೇ ಹದಗೊಳಿಸಿದ ಬಟ್ಟೆಗೆ ಮಾತ್ರ ಆ ಹೆಸರು ಸಲ್ಲುತ್ತದೆ. ಕೈಮಗ್ಗವೆಂದರೂ ಈಗ ಅದನ್ನು ನಡೆಸುವುದು ಕಾಲು. ಸೈಕಲ್ಲಿನಂತೆ ಪೆಡಲ್ ತುಳಿಯುವ ಮಗ್ಗಗಳಿವೆ, ವಿದ್ಯುತ್ತು ಕೂಡದು. ಗಮನಿಸಬೇಕಾದ ಇನ್ನೊಂದು ಅಂಶವೆಂದರೆ ಕುರಿ ದ್ವೀಪದ್ದೇ ಆಗಿರಬೇಕೆಂದು ಕಾಯಿದೆ ಹೇಳುವುದಿಲ್ಲ. ಉಣ್ಣೆಯ ಹೆಚ್ಚಿನ ಪಾಲು ಬರುವುದು ಬ್ರಿಟನ್ನಿನ ಮುಖ್ಯಭೂಮಿಯಿಂದ.

ಕಾಯಿದೆ ಹೆಸರನ್ನು ಕಾಪಾಡಬಲ್ಲುದು, ಕಸುಬನ್ನು ಕಾಪಾಡುವುದು ಕೊಳ್ಳುವವರ ಕೈಯಲ್ಲಿದೆ. 1966ರಲ್ಲಿ ಸುಮಾರು 76 ಲಕ್ಷ ಗಜ ತಲುಪಿದ್ದ ಉತ್ಪಾದನೆ ಮುಂದಿನ ದಶಕಗಳಲ್ಲಿ ಇಳಿಯುತ್ತಲೇ ಹೋಯಿತು. 2006ರಲ್ಲಿ ಯಾರ್ಕ್‌ಶೈರಿನ ಉದ್ಯಮಿಯೊಬ್ಬರು ಲೂಯಿಸಿನ ಪ್ರಮುಖ ಗಿರಣಿಯನ್ನು ಕೊಂಡು, ಸುಮಾರು ಎಂಟು ಸಾವಿರದಷ್ಟಿದ್ದ ವಿನ್ಯಾಸಗಳನ್ನು ನಾಲ್ಕಕ್ಕೆ ಇಳಿಸಿದರು. ಲೆಕ್ಕದ ಪುಸ್ತಕಕ್ಕೆ ಅದು ಸರಿಯೆನಿಸಿರಬಹುದು, ಆದರೆ ಬಣ್ಣಗಳ ಬೆರಕೆಯೇ ಜೀವಾಳವಾದ ಬಟ್ಟೆಯಲ್ಲಿ ವಿನ್ಯಾಸವನ್ನು ಕತ್ತರಿಸಿದರೆ ಉಳಿಯುವುದೇನು? ಅನೇಕ ನೇಕಾರರ ಮಗ್ಗ ನಿಂತಿತು. ಮರುವರ್ಷ ಶಾಬೋಸ್ಟ್ ಎಂಬ ಊರಿನ ಮುಚ್ಚಿದ್ದ ಗಿರಣಿ ಮತ್ತೆ ತೆರೆದು ಹಳೆಯ ವಿನ್ಯಾಸಗಳ ವೈವಿಧ್ಯಕ್ಕೆ ಮರಳಿದ ಮೇಲೆ ಕಸುಬು ಚೇತರಿಸಿಕೊಂಡಿತು.

ಕನ್ನಡದಲ್ಲಿ ಟ್ವೀಡಿಗೆ ಬೇರೆ ಪದ ಬೇಕೇ ಎಂಬ ಪ್ರಶ್ನೆ ಉಳಿಯುತ್ತದೆ. ನಮ್ಮಲ್ಲಿಯೂ ಕುರುಬರು ದಖ್ಖನಿ ಕುರಿಯ ಉಣ್ಣೆಯನ್ನು ಹಿಂಜಿ, ನೂತು, ಹಾಸಿನ ಎಳೆಗಳಿಗೆ ಹುಣಸೆ ಬೀಜದ ಗಂಜಿ ಬಳಿದು ಕಂಬಳಿ ನೇಯುತ್ತಾರೆ. ಚಳ್ಳಕೆರೆಯ ಸೀಮೆಯಲ್ಲಿ ಆ ಕಸುಬು ಹೆಸರಾದದ್ದು. ಎರಡೂ ಕುರಿಗಾಹಿಗಳ ಮೈಮೇಲೆ ಬೆಳೆದ ಬಟ್ಟೆಗಳೆಂಬಷ್ಟಕ್ಕೆ ಹೋಲಿಕೆ ಸರಿ. ಆದರೆ ಕರಿ ಕಂಬಳಿಯ ಬಣ್ಣ ಕುರಿಯದೇ ಬಣ್ಣ, ಅದನ್ನು ಕತ್ತರಿಸಿ ಹೊಲಿಯುವುದಿಲ್ಲ, ಮಗ್ಗದಿಂದ ಇಳಿದಂತೆಯೇ ಹೊದೆಯುತ್ತೇವೆ, ಹಾಸುತ್ತೇವೆ. ಟ್ವೀಡನ್ನು ಕಂಬಳಿ ಬಟ್ಟೆ ಎಂದು ಕರೆದರೆ ಎರಡಕ್ಕೂ ಅನ್ಯಾಯ. ಟ್ವೀಡ್ ಎಂಬ ಪದವನ್ನೇ ಇಟ್ಟುಕೊಳ್ಳುವುದು ಲೇಸು, ಆದರೆ ಅದು ಬರಿಯ ಬಗೆಯ ಹೆಸರು, ಯಾವ ಕಾಯಿದೆಯ ಕಾವಲೂ ಅದಕ್ಕಿಲ್ಲ ಎಂಬ ಎಚ್ಚರವಿರಬೇಕು. ಚೌಕುಳಿ ಹಾಕಿದ ಪಾಲಿಯೆಸ್ಟರ್ ಬಟ್ಟೆಯನ್ನೂ ಟ್ವೀಡ್ ಎಂದು ಮಾರುವವರಿದ್ದಾರೆ. ಅನುಮಾನ ಬಂದರೆ ಒಳಮಡಿಕೆಯಿಂದ ಒಂದು ಎಳೆಯನ್ನು ಕಿತ್ತು ಬೆಂಕಿಗೆ ಹಿಡಿಯಬಹುದು: ಉಣ್ಣೆಯಾದರೆ ಸುಟ್ಟ ಕೂದಲಿನ ವಾಸನೆ ಬಂದು, ಕಿಡಿ ತಾನಾಗಿಯೇ ನಂದಿ, ಬೆರಳಲ್ಲಿ ಹಿಸುಕಿದರೆ ಪುಡಿಯಾಗುವ ಬೂದಿ ಉಳಿಯುತ್ತದೆ; ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.