ಸಾವಿರದೈನೂರು ಅಕ್ಷರ ಬರುತ್ತೆ, ಒಂದು ಸಾಲು ಬರಲ್ಲ

"ಮೇಡಂ, ಸಾವಿರದೈನೂರು ಅಕ್ಷರ ಬರುತ್ತೆ. ಆದ್ರೂ ಒಂದು ಸಾಲು ಓದೋಕಾಗ್ತಿಲ್ಲ." ಬೆಂಗಳೂರಿನಲ್ಲಿ ಚೀನೀ ಭಾಷೆ ಕಲಿಸುವ ನನಗೆ ಈ ದೂರು ಕೇಳದ ತಿಂಗಳಿಲ್ಲ. ಚೀಟಿಗೊಂದು ಅಕ್ಷರ, ಹಿಂಬದಿಯಲ್ಲಿ ಅರ್ಥ ಬರೆದುಕೊಂಡು ಉರು ಹೊಡೆಯುತ್ತಾರೆ. ಮಾಡಬೇಡಿ ಅಂತ ಎಷ್ಟು ಹೇಳಿದರೂ ಅಷ್ಟೆ.

ಕಂಪನಿ ಕೆಲಸಕ್ಕೆಂದು ಕಲಿಯಲು ಬಂದ ಹುಡುಗನೊಬ್ಬನಿಗೆ ಚೀನಾದ ಷೆನ್‌ಜೆನ್‌ನಿಂದ ಸಂದೇಶ ಬಂತು. "ಮೇಡಂ, ಮಾಲು ಕುದುರೆ ಮೇಲೆ ಬರ್ತಿದೆಯಂತೆ!" 'ಮಾ' ಅಂದರೆ ಕುದುರೆ, 'ಷಾಂಗ್' ಅಂದರೆ ಮೇಲೆ, ನಿಜ. ಆದರೆ 'ಮಾಷಾಂಗ್' ಅಂದರೆ 'ಈಗಲೇ'. ನಾವು 'ಹೊಟ್ಟೆಕಿಚ್ಚು' ಓದಿ ನೀರು ತರಲು ಓಡುತ್ತೇವೆಯೇ?

ಅಕ್ಷರವೆಲ್ಲ ಚಿತ್ರ ಎನ್ನುವ ನಂಬಿಕೆಯೇ ಇದರ ಬೇರು. ಚಿತ್ರಗಳು ಇವೆ, ಕೆಲವೇ ಕೆಲವು. ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಅಕ್ಷರಗಳಲ್ಲಿ ಒಂದು ತುಂಡು ಅರ್ಥದ ಸುಳಿವಾದರೆ ಇನ್ನೊಂದು ಉಚ್ಚಾರದ ಸುಳಿವು. 'ಅಮ್ಮ' ಎನ್ನುವ ಅಕ್ಷರದಲ್ಲಿ ಎಡಕ್ಕೆ ಹೆಣ್ಣು, ಬಲಕ್ಕೆ ಅದೇ ಕುದುರೆ. ಅದು ಅಲ್ಲಿ ನಿಂತಿರುವುದು 'ಮಾ' ಎನ್ನಿಸಲಿಕ್ಕೆ ಮಾತ್ರ. ಎಲ್ಲ ಸುಳಿವೂ ಇಷ್ಟು ನಂಬಿಕಸ್ತವಲ್ಲ ಅನ್ನಿ.

ನಿಜವಾದ ಕಷ್ಟ ಮುಂದಿದೆ. ಚೀನೀ ಬರಹದಲ್ಲಿ ಪದಗಳ ನಡುವೆ ಜಾಗ ಬಿಡುವುದಿಲ್ಲ. ನಮ್ಮ ತಾಳೆಗರಿಗಳ ಹಾಗೆ ಸಾಲುಸಾಲೇ ಒಂದು ಸರಪಳಿ. ಇಂದಿನ ಪದಗಳಲ್ಲಿ ಹೆಚ್ಚಿನವು ಎರಡಕ್ಷರದವು. ಯಾವುದು ಯಾವುದರ ಜೋಡಿ ಅನ್ನುವುದನ್ನು ಓದುವವರೇ ಹುಡುಕಬೇಕು. 'ಯೆನ್‌ಚ್ಯು' ಅಂದರೆ ಸಂಶೋಧಿಸು, 'ಷಂಗ್‌ಮಿಂಗ್' ಅಂದರೆ ಜೀವ. ನಾಲ್ಕೂ ಒಟ್ಟಿಗೆ ಬಂದರೆ 'ಜೀವವನ್ನು ಸಂಶೋಧಿಸು'. ಆದರೆ 'ಯೆನ್‌ಚ್ಯುಷಂಗ್' ಅಂದರೆ ಸ್ನಾತಕೋತ್ತರ ವಿದ್ಯಾರ್ಥಿ! ನಡುವಿನ 'ಷಂಗ್' ಆ ಕಡೆಗೂ ಸಲ್ಲುತ್ತದೆ, ಈ ಕಡೆಗೂ ಸಲ್ಲುತ್ತದೆ. ಒಂಟಿಯಾಗಿ ಉಳಿದ 'ಮಿಂಗ್'ಗೆ ಹಣೆಬರಹ ಎಂಬ ಅರ್ಥವೂ ಇದೆ. ಮುಂದೆ 'ಮೂಲ' ಎಂಬ ಪದವಿರುವ ಸಾಲು ಕೊಟ್ಟಿದ್ದೆ. ಜೀವದ ಮೂಲವನ್ನು ಹುಡುಕುವ ವಿಷಯ ಅದು. ನನ್ನ ವಿದ್ಯಾರ್ಥಿನಿ 'ಎಂಎ ಓದುವವರ ಹಣೆಬರಹದ ಮೂಲ' ಎಂದು ಬರೆದು ತಂದಳು. ಅವಳು ಆಗ ಎಂಎ ಓದುತ್ತಿದ್ದಳು, ಪಾಪ.

ಚೀನಾದವರು ಇದರಲ್ಲಿ ಎಡವುವುದಿಲ್ಲವೇ? ಅಪರೂಪ. ಕಣ್ಣು ನೆಟ್ಟ ಅಕ್ಷರದ ಬಲಕ್ಕೆ ಸುಮಾರು ಮೂರು ಅಕ್ಷರ ಮುಂದಿನವರೆಗೂ ಅವರ ಓದು ಹರಿದಿರುತ್ತದೆ, ಎಡಕ್ಕೆ ಒಂದು. ಅವರಿಗಾಗಿ ಪದಗಳ ನಡುವೆ ಜಾಗ ಬಿಟ್ಟು ಅಚ್ಚು ಹಾಕಿ ನೋಡಿದ್ದಾರೆ, ಓದಿನ ವೇಗ ಹೆಚ್ಚಲಿಲ್ಲ. ಪದದ ಹೊಟ್ಟೆಯೊಳಗೇ ಜಾಗ ಬಿಟ್ಟಾಗ ಮಾತ್ರ ಮುಗ್ಗರಿಸಿದರು.

ಹಾಗಾಗಿ ನನ್ನ ತರಗತಿಯಲ್ಲಿ ಪೆನ್ಸಿಲ್ ಕಡ್ಡಾಯ. ಪದ ಮುಗಿದಲ್ಲಿ ಗೀಟು ಎಳೆಯಿರಿ, ಆಮೇಲೆ ಗಟ್ಟಿಯಾಗಿ ಓದಿ. ಮೂರನೇ ಸಲಕ್ಕೆ ಗೀಟು ಅಳಿಸಿ ಓದಿ. ಎಲ್ಲರಿಗೂ ಇದೇ ಮದ್ದು ಎಂದು ಆಣೆ ಇಡಲಾರೆ. ಚೀಟಿಯಿಂದಲೇ ದಡ ಸೇರಿದವರನ್ನೂ ಕಂಡಿದ್ದೇನೆ, ಇಬ್ಬರನ್ನು.

ಕುದುರೆಯ ಹುಡುಗ ಮೊನ್ನೆ ತರಗತಿಗೆ ತಡವಾದಾಗ ಚೀನೀ ಭಾಷೆಯಲ್ಲೇ ಸಂದೇಶ ಕಳಿಸಿದ: "ಮಾಷಾಂಗ್ ಬಂದೆ." ಮುಕ್ಕಾಲು ಗಂಟೆ ಬಿಟ್ಟು ಬಂದ. ಕುದುರೆ ಸಿಗಲಿಲ್ಲವಂತೆ.